ಫೋನಿನಲ್ಲಿ ಎಳೆಸಿದ ವೃತ್ತ

ಚನ್ನವೀರಪ್ಪ ಮೇಷ್ಟ್ರು ತಮ್ಮ ಲೆಕ್ಕದ ತರಗತಿಯಲ್ಲಿ ಒಮ್ಮೆಯೂ ‘ಅರ್ಥ ಆಯ್ತಾ?’ ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಮಕ್ಕಳು ಹೂಂ ಅನ್ನದೆ ಇನ್ನೇನು ಅಂದಾರು ಎನ್ನುವುದು ಅವರ ವಾದ. ಬೋರ್ಡಿನ ಮೇಲೆ ಎರಡು ಸಾಲು ಬರೆದು ತಿರುಗಿ ನಿಲ್ಲುವರು. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಒಂದೊಂದೇ ಮುಖ ನೋಡಿಕೊಂಡು ಹೋಗುವರು. ಯಾರದೋ ಹುಬ್ಬಿನಲ್ಲಿ ಏನೋ ಕಂಡರೆ ಸೀಮೆಸುಣ್ಣ ಅಲ್ಲೇ ಇಟ್ಟು, ಆ ಮಗುವಿನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂರುವರು. “ಎಲ್ಲಿ ಕೈ ಬಿಟ್ಟೆ ಹೇಳು. ಅಲ್ಲಿಂದಾನೇ ಹೋಗಾಣ,” ಅನ್ನುವರು. ಉಳಿದ ಮಕ್ಕಳು ಅಷ್ಟು ಹೊತ್ತು ಕಾಯಬೇಕು. ಕಾಯುತ್ತಿದ್ದರು ಕೂಡ, ಏಕೆಂದರೆ ನಾಳೆ ತಮ್ಮ ಸರದಿಯೂ ಬರಬಹುದು ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಉಳವಿ ಕಡೆಯ ಆ ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದಾಗ ಅವರ ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಅವರ ಮನೆ ಶಿಕಾರಿಪುರದಲ್ಲಿ. ದಿನಾ ಒಂದು ಬಸ್ಸಿನಲ್ಲಿ ಸೊರಬ, ಇನ್ನೊಂದರಲ್ಲಿ ಶಾಲೆ. ನಾನು ಸೊರಬದಲ್ಲಿ ಅದೇ ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲೂ ಅವರ ತಲೆಯಲ್ಲಿ ಮಕ್ಕಳೇ. ನಿನ್ನೆ ಯಾರು ಎಲ್ಲಿ ತಪ್ಪಿದರು, ಇವತ್ತು ಆ ಗಂಟು ಹೇಗೆ ಬಿಡಿಸುವುದು ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆ ಇದ್ದುದರಿಂದ ಜೇಬಿನಲ್ಲಿ ಯಾವಾಗಲೂ ಎರಡು ಬಿಸ್ಕತ್ತು. ಅವನ್ನೂ ಮಧ್ಯಾಹ್ನದೊಳಗೆ ಯಾವುದಾದರೂ ಮಗುವಿಗೆ ಕೊಟ್ಟಿರುತ್ತಿದ್ದರು.

ಕೊರೋನಾ ಬಂದು ಶಾಲೆ ಮುಚ್ಚಿತು. ಜೂನ್ ಬಂದರೂ ಮಕ್ಕಳು ಬರಲಿಲ್ಲ. ಪಾಠಗಳನ್ನು ವಿಡಿಯೋ ಮಾಡಿ ತರಗತಿಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು ಎಂದು ಮೇಲಿನಿಂದ ಸೂಚನೆ ಬಂತು. ಚಿಕ್ಕವಳೆಂದು ಹೆಡ್‌ಮಾಸ್ತರರು ಆ ಕೆಲಸ ನನಗೆ ವಹಿಸಿದರು. ಖಾಲಿ ಹತ್ತನೇ ತರಗತಿಯಲ್ಲಿ ಒಂದು ಡೆಸ್ಕಿನ ಮೇಲೆ ಪುಸ್ತಕಗಳನ್ನು ಒಟ್ಟಿ, ಅದಕ್ಕೆ ಫೋನು ಒರಗಿಸಿ ನಿಂತೆ. ಮೇಷ್ಟ್ರು ಎರಡು ಸಾಲು ಬರೆದರು. ತಿರುಗಿದರು. ಅಲ್ಲಿಗೆ ಮಾತು ನಿಂತುಹೋಯಿತು. ಮರೆತರೇನೋ ಎಂದು ನಾನು ಕೈಸನ್ನೆ ಮಾಡಿದೆ.

“ಯಾರನ್ನ ನೋಡ್ಲಿ ಮೇಡಂ?” ಎಂದು ಕೇಳಿದರು.

ನನ್ನನ್ನೇ ನೋಡಿ ಹೇಳಿ ಸರ್ ಎಂದೆ. ಸ್ವಲ್ಪ ಹೊತ್ತು ಹೇಳಿದರು, ಮತ್ತೆ ನಿಲ್ಲಿಸಿದರು. “ನಿಮಗ ಇದು ಮೊದ್ಲೇ ಗೊತ್ತೈತಿ. ನಿಮ್ಮ ಮುಖ ಇಟ್ಕೊಂಡು ನಾನೇನು ಮಾಡ್ಲಿ?”

ಅಂತೂ ಹೇಗೋ ಮುಗಿಯಿತು. ನಲವತ್ತು ನಿಮಿಷದ ಆ ವಿಡಿಯೋ ನಮ್ಮೂರಿನ ಸಿಗ್ನಲ್ಲಿನಲ್ಲಿ ಹೋಗಲೇ ಇಲ್ಲ. ನಾನು ಅದನ್ನು ಎಂಟು ತುಂಡು ಮಾಡಿ ಹಾಕಿದೆ. ಮರುದಿನ ನೋಡಿದರೆ ಐದನೆಯ ತುಂಡು ಎರಡನೆಯದಕ್ಕಿಂತ ಮೊದಲು ಹೋಗಿತ್ತು. ಕೆಳಗೆ ನಾಲ್ಕು ಮಕ್ಕಳು ‘ಥ್ಯಾಂಕ್ಯೂ ಸರ್’ ಎಂದು ಬರೆದಿದ್ದರು. ಮೇಷ್ಟ್ರು ಅದನ್ನು ಓದಿ, ಉಳಿದವರು ಎಲ್ಲಿ ಎಂದರು.

ಉಳಿದವರನ್ನು ಹುಡುಕಲು ನಾವಿಬ್ಬರೂ ಕೂತು ಹಾಜರಿ ಪುಸ್ತಕ ಹಿಡಿದು ಮನೆಮನೆಗೂ ಫೋನು ಮಾಡಿದೆವು. ಹತ್ತನೇ ತರಗತಿಯ ಮೂವತ್ತೆಂಟು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳ ಮನೆಗಳಲ್ಲಿ ಮಾತ್ರ ದೊಡ್ಡ ಫೋನಿತ್ತು. ಅದೂ ಅಣ್ಣನದೋ ಮಾವನದೋ. ಕೆಲವರಿಗೆ ಟಿವಿಯಲ್ಲಿ ಬರುವ ಪಾಠ ನೋಡಿ ಎಂದೆವು. ಅದು ಬರುವ ಹೊತ್ತಿಗೆ ಕರೆಂಟಿರುತ್ತಿರಲಿಲ್ಲ. ಆಮೇಲೆ ಊರೂರಿಗೆ ಹೋಗಿ ದೇವಸ್ಥಾನದ ಕಟ್ಟೆಯ ಮೇಲೆ ಪಾಠ ಮಾಡಿ ಎಂದು ಆದೇಶ ಬಂತು. ಮೇಷ್ಟ್ರು ಅವತ್ತೇ ಬೈಕು ತರಲು ಹೊರಟಿದ್ದರು. ಹೆಡ್‌ಮಾಸ್ತರರು ತಡೆದರು. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ, ನಿಮಗೇನಾದರೂ ಆದರೆ ಮನೆಯವರಿಗೆ ನಾನೇನು ಹೇಳಲಿ ಎಂದು ಕೈಹಿಡಿದು ಕೇಳಿಕೊಂಡರು. ಒಂದೆರಡು ತಿಂಗಳಲ್ಲಿ ಟೀಚರುಗಳಿಗೇ ಕಾಯಿಲೆ ಬರತೊಡಗಿ ಅದೂ ನಿಂತಿತು.

ರೇಣುಕಾ ಎಂಬ ಹುಡುಗಿಯ ಮಾತು ಇಲ್ಲಿ ಬರಬೇಕು. ಹೊಸಬಾಳೆಯಿಂದಾಚೆಗಿನ ಒಂದು ಸಣ್ಣ ಊರಿನವಳು. ಕುರಿ ಸಾಕುವ ಮನೆ. ಮನೆಗೆಲ್ಲ ಇದ್ದದ್ದು ಗುಂಡಿ ಒತ್ತುವ ಒಂದೇ ಫೋನು, ಅದು ಅಪ್ಪನ ಜೊತೆ ಕುರಿ ಹಿಂದೆ ಹೋಗಿ ಸಂಜೆ ವಾಪಸಾಗುತ್ತಿತ್ತು. ಜುಲೈಯಿಂದಲೇ ವಾರಕ್ಕೆ ಮೂರು ದಿನ ಸಂಜೆ ಆರೂವರೆಗೆ ಮೇಷ್ಟ್ರು ಶಿಕಾರಿಪುರದಿಂದ ಆ ಫೋನಿಗೆ ಕರೆ ಮಾಡಿ ಲೆಕ್ಕ ಹೇಳತೊಡಗಿದರು. ಬೀಜಗಣಿತವಾದರೆ ಸಂಖ್ಯೆ ಹೇಳಿ ಬರೆಸಬಹುದು. ರೇಖಾಗಣಿತ ಹೇಗೆ? ಅದನ್ನೂ ಮಾಡಿದರು. ಅಮ್ಮನ ಒಂದು ಬಳೆ ಇಟ್ಟು ಸುತ್ತ ಗೆರೆ ಎಳಿ, ಅದು ವೃತ್ತ. ಅದರ ಹೊರಗೆ ಒಂದು ಚುಕ್ಕಿ ಇಡು. ಆ ಚುಕ್ಕಿಯಿಂದ ವೃತ್ತವನ್ನು ಮುಟ್ಟುವ ಹಾಗೆ ಎರಡು ಗೆರೆ ಎಳಿ, ಅವು ಸ್ಪರ್ಶಕ. ಅವೆರಡರ ಉದ್ದ ಸಮ, ಏಕೆ ಸಮ ಎನ್ನುವುದನ್ನು ಈಗ ಸಾಧಿಸೋಣ. ಹೀಗೆ ಡಿಸೆಂಬರ್‌ವರೆಗೆ ನಡೆಯಿತು.

ಕಾಣದ ಮಗುವಿಗೆ ಅವರು ಆ ಪ್ರಶ್ನೆಯನ್ನು ಕೇಳಲೇಬೇಕಾಯಿತು. “ಅರ್ಥ ಆತೇನವ್ವ?” ಆ ಕಡೆಯಿಂದ ಪ್ರತಿ ಸಲವೂ “ಹೂಂ ಸರ್.” ನನಗೆ ಬಹಳ ಸಂತೋಷದಿಂದ ಹೇಳುತ್ತಿದ್ದರು, ದೊಡ್ಡ ಫೋನಿದ್ದ ಮಕ್ಕಳಿಗಿಂತ ಆ ಹುಡುಗಿಯೇ ಮುಂದಿದ್ದಾಳೆ ಎಂದು.

ಜನವರಿಯಲ್ಲಿ ಹತ್ತನೆಯವರಿಗೆ ಮಾತ್ರ ಶಾಲೆ ತೆರೆಯಿತು. ಮಕ್ಕಳು ಮಾಸ್ಕು ಹಾಕಿಕೊಂಡು, ಬೆಂಚಿಗೆ ಒಬ್ಬೊಬ್ಬರಂತೆ ಕೂತರು. ಹುಬ್ಬಾದರೂ ಕಾಣುತ್ತವಲ್ಲ ಎಂದು ಮೇಷ್ಟ್ರು ಸಮಾಧಾನಪಟ್ಟರು. ಎರಡನೆಯ ದಿನವೋ ಮೂರನೆಯ ದಿನವೋ ರೇಣುಕಾಳ ನೋಟ್‌ಬುಕ್ ಹಿಡಿದು ಸ್ಟಾಫ್ ರೂಮಿಗೆ ಬಂದು, ಪುಟ ತೆರೆದು ನನ್ನ ಮುಂದಿಟ್ಟರು.

ಪುಟದ ತುಂಬಾ ಬಳೆಯಿಂದ ಎಳೆದ ವೃತ್ತಗಳು. ಅಂಚು ಮುರಿಯದ, ಒಂದೇ ಅಳತೆಯ ವೃತ್ತಗಳು. ಚುಕ್ಕಿಯಿಂದ ಹೊರಟ ಗೆರೆಗಳು ಮಾತ್ರ ಅಂಚನ್ನಷ್ಟೇ ಮುಟ್ಟಿ ಹೋಗುವ ಬದಲು ವೃತ್ತದ ಹೊಟ್ಟೆಯೊಳಗೆ ನುಗ್ಗಿ, ಬಳೆಗೆ ದಾರ ಪೋಣಿಸಿದ ಹಾಗೆ ಆ ಕಡೆಯಿಂದ ಹೊರಗೆ ಬಂದಿದ್ದವು. ಕೆಳಗೆ ಮುದ್ದಾದ ಅಕ್ಷರದಲ್ಲಿ ‘ಸ್ಪರ್ಶಕ’ ಎಂದಿತ್ತು. ಸಾಧನೆ ಎಂದು ಬರೆದುಕೊಂಡದ್ದರಲ್ಲಿ ಅವರ ಮಾತುಗಳೆಲ್ಲ ಇದ್ದವು, ಒಂದಕ್ಕೊಂದು ಸಂಬಂಧ ಇರಲಿಲ್ಲ. ಆರು ತಿಂಗಳ ಪಾಠವೆಲ್ಲ ಹಾಗೇ.

ಅವಳನ್ನು ಕರೆದು, ಬೈಯುವ ದನಿಯಲ್ಲಲ್ಲ, ಇದು ಹೀಗೇಕೆ ಎಂದು ಕೇಳಿದರು. ಅವಳು ತಲೆ ತಗ್ಗಿಸಿಕೊಂಡು, “ಮುಟ್ಟಬೇಕು ಅಂದ್ರಲ್ಲ ಸರ್. ಮುಟ್ಟೈತಲ್ಲ,” ಅಂದಳು. ಆಮೇಲೆ ನಿಧಾನಕ್ಕೆ, ಬಹಳ ದಿನದಿಂದ ಏನೂ ತಿಳಿಯುತ್ತಿರಲಿಲ್ಲ, ಅಷ್ಟು ದೂರದಿಂದ ಫೋನ್ ಮಾಡುವವರಿಗೆ ತಿಳಿಯಲಿಲ್ಲ ಅನ್ನಲು ಬಾಯಿ ಬರಲಿಲ್ಲ ಎಂದಳು. ಅಪ್ಪ ಪಕ್ಕದಲ್ಲೇ ಕೂತು ಹೆಮ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದನಂತೆ.

ಅವಳು ಹೋದ ಮೇಲೆ ಮೇಷ್ಟ್ರು ಹೇಳಿದ್ದು ನನಗೆ ಇವತ್ತೂ ಕಿವಿಯಲ್ಲಿದೆ. “ಮೂವತ್ತು ವರ್ಷ ಕೇಳಬಾರದು ಅಂತ ಇದ್ದ ಮಾತು, ನಾನೇ ಕೇಳಿದೆ ನೋಡ್ರಿ. ಆ ಹುಡುಗಿ ಸುಳ್ಳು ಹೇಳಲಿಲ್ಲ. ನಾನು ಹೇಳಿಸಿದೆ.”

ಮತ್ತೆ ಮೊದಲಿನಿಂದ ಶುರು ಮಾಡಿದರು. ಸಂಜೆ ಕೊನೆಯ ಬಸ್ಸಿನವರೆಗೆ ಅವಳನ್ನೂ ಇನ್ನು ಹತ್ತು ಹನ್ನೊಂದು ಮಕ್ಕಳನ್ನೂ ಕೂರಿಸಿಕೊಂಡು ಎಂಟನೇ ತರಗತಿಯ ಲೆಕ್ಕದಿಂದ ಹತ್ತಿಸುತ್ತಾ ಬಂದರು. ವೃತ್ತದ ಪಾಠದ ಹತ್ತಿರ ಬರುವ ಹೊತ್ತಿಗೆ ಏಪ್ರಿಲ್ ಆಗಿತ್ತು, ಎರಡನೆಯ ಅಲೆ ಬಂದು ಶಾಲೆ ಮತ್ತೆ ಮುಚ್ಚಿತು.

ಈ ಸಲ ಅವರು ಹೆಡ್‌ಮಾಸ್ತರರನ್ನು ಕೇಳಲಿಲ್ಲ. ಒಂದು ಬೆಳಿಗ್ಗೆ ಬೈಕಿನಲ್ಲಿ ಸೊರಬಕ್ಕೆ ಬಂದು, ಹೊಸಬಾಳೆ ಕಡೆ ಹೋಗ್ತೀನಿ, ಬರ್ತೀರಾ ಎಂದರು. ಕೈಯಲ್ಲಿ ಬರೆದ ಹತ್ತು ಹಾಳೆಗಳಿದ್ದವು, ಸ್ಪರ್ಶಕದ ಚಿತ್ರಗಳು, ಹೆಜ್ಜೆ ಹೆಜ್ಜೆಗೂ ಬಿಡಿಸಿ ಬರೆದದ್ದು. ನಾನು ನನ್ನ ಸ್ಕೂಟಿಯಲ್ಲಿ ಹಿಂದೆ ಹೊರಟೆ.

ರೇಣುಕಾಳ ಊರಿನ ಬಾಗಿಲಲ್ಲಿ ರಸ್ತೆಗೆ ಅಡ್ಡ ಮರದ ದಿಮ್ಮಿ ಹಾಕಿ ಮುಳ್ಳು ಒಟ್ಟಿದ್ದರು. ನಾಲ್ಕಾರು ಜನ ಕಾವಲಿದ್ದರು. ಅವರಲ್ಲೊಬ್ಬ ಮೇಷ್ಟ್ರ ಹಳೆಯ ವಿದ್ಯಾರ್ಥಿ, ಈಗ ಮೂವತ್ತರ ಗಂಡಸು. ಆ ವಾರ ಊರಲ್ಲಿ ಎರಡು ಸಾವಾಗಿದೆ ಎಂದ. ಹೊರಗಿನವರು ಯಾರೂ ಬರಬಾರದು ಎಂದು ಊರೆಲ್ಲ ಸೇರಿ ತೀರ್ಮಾನಿಸಿದ್ದಾರೆ ಎಂದ.

“ಬ್ಯಾರೆ ಯಾರಾದ್ರೂ ಆಗಿದ್ರೆ ಬೈದು ಕಳಿಸ್ತಿದ್ದೆ ಸರ್. ನಿಮಗೆ ಕೈ ಮುಗಿತೀನಿ, ಹೋಗಿ.”

ಮೇಷ್ಟ್ರು ವಾದಿಸಲಿಲ್ಲ. ಒಬ್ಬಳು ಹುಡುಗಿಯನ್ನು ಇಲ್ಲಿಗೇ ಕರೆಸಬಹುದಾ, ದೂರ ನಿಂತೇ ಹೇಳಿಕೊಡುತ್ತೇನೆ ಎಂದು ಕೇಳಿದರು. ಯಾರೋ ಹೋಗಿ ಕರೆತಂದರು. ಅವಳು ದಿಮ್ಮಿಯಿಂದ ಬಹಳ ದೂರದಲ್ಲಿ, ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡ ತಾಯಿಯ ಪಕ್ಕ ನಿಂತಳು. ಮೇಷ್ಟ್ರು ಒಂದು ಹಾಳೆ ಎತ್ತಿ ಹಿಡಿದರು. ಅಷ್ಟು ದೂರಕ್ಕೆ ಅದು ಬರೀ ಬಿಳಿ ಕಾಗದ. ತಾಯಿ ಮಗಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಆ ತಾಯಿಯದು ತಪ್ಪು ಎಂದು ನಾನು ಹೇಳಲಾರೆ. ಹಳೆಯ ವಿದ್ಯಾರ್ಥಿ, ಹಾಳೆಗಳನ್ನು ಮೋರಿ ಕಟ್ಟೆಯ ಮೇಲಿಟ್ಟು ಹೋಗಿ ಸರ್, ಒಂದು ದಿನ ಬಿಸಿಲಿಗೆ ಬಿಟ್ಟು ಆಮೇಲೆ ತಲುಪಿಸುತ್ತೇನೆ ಎಂದ. ಮೇಷ್ಟ್ರು ಕಟ್ಟೆಯ ಮೇಲೆ ಹಾಳೆಗಳನ್ನು ಇಟ್ಟು, ಗಾಳಿಗೆ ಹಾರದ ಹಾಗೆ ಕಲ್ಲು ಹೇರಿದರು. ವಾಪಸು ದಾರಿಯುದ್ದಕ್ಕೂ ಅವರ ಬೈಕು ನಿಧಾನವಾಗಿ ಹೋಯಿತು, ನಾನು ದಾಟಿ ಮುಂದೆ ಹೋಗಲಿಲ್ಲ.

ಮೇ ಕೊನೆಯಲ್ಲಿ ಅವರು ನಿವೃತ್ತರಾದರು. ಹೂವಿನ ಅಂಗಡಿಯೂ ತೆರೆದಿರಲಿಲ್ಲ. ಹೆಡ್‌ಮಾಸ್ತರರು, ನಾನು, ಜವಾನ ಇಷ್ಟೇ ಜನ. ಚಾರ್ಜ್ ಕೊಟ್ಟು ಸಹಿ ಮಾಡಿದ ಮೇಲೆ ಹತ್ತನೇ ತರಗತಿಯ ಬಾಗಿಲು ತೆಗೆಸಿ ಒಂದು ನಿಮಿಷ ಒಳಗೆ ನಿಂತರು. ಬೋರ್ಡಿನಲ್ಲಿ ಏಪ್ರಿಲಿನ ತಾರೀಕು ಹಾಗೇ ಇತ್ತು.

ಜುಲೈಯಲ್ಲಿ ಟಿಕ್ ಹಾಕುವ ಪ್ರಶ್ನೆಗಳ ಎರಡು ದಿನದ ಪರೀಕ್ಷೆ ನಡೆದು, ನಮ್ಮ ಮಕ್ಕಳೆಲ್ಲ ಪಾಸಾದರು. ರೇಣುಕಾಳೂ ಪಾಸಾದಳು. ಶಾಲೆ ಮತ್ತೆ ತೆರೆದ ಮೇಲೆ, ಅಕ್ಟೋಬರಿನಲ್ಲಿ, ನಾನು ಶಿಕಾರಿಪುರಕ್ಕೆ ಅವರನ್ನು ನೋಡಲು ಹೋದೆ. ಅಷ್ಟರಲ್ಲಿ ಅವರಿಗೂ ಕಾಯಿಲೆ ಬಂದು ಹೋಗಿತ್ತು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. ರೇಣುಕಾ ಪಿಯುಸಿಗೆ ಏನು ತೆಗೆದುಕೊಂಡಳು ಎಂದು ಕೇಳಿದರು. ಸೊರಬದ ಕಾಲೇಜಿನಲ್ಲಿ, ಲೆಕ್ಕ ಇಲ್ಲದ್ದು ಯಾವುದಿದೆಯೋ ಅದನ್ನು ಕೊಡಿ ಎಂದು ಕೇಳಿ ಆರ್ಟ್ಸ್ ಸೇರಿದಳು ಎಂದು ಇದ್ದದ್ದನ್ನು ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೇನೋ ಎಂದರು.

ಬೇಡವೆಂದರೂ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದರು. ನಾನು ಕೂತ ಮೇಲೆ ಕಿಟಕಿಯ ಹತ್ತಿರ ಬಂದು ನಿಂತರು.

“ಈಗ ಎಂಟನೇ ಕ್ಲಾಸಿಗೆ ಬಂದಿರೋ ಮಕ್ಕಳು ಒಂದೂವರೆ ವರ್ಷ ಶಾಲೆ ಕಂಡಿಲ್ರಿ. ಭಾಗಾಕಾರದಿಂದ ಹಿಡೀರಿ ಅಂತ ಹೊಸ ಲೆಕ್ಕದ ಮೇಷ್ಟ್ರಿಗೆ ಹೇಳ್ರಿ. ನಾಚ್ಕೋಬ್ಯಾಡ್ರಿ ಅಂತ ಹೇಳ್ರಿ.”

ಅವರ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲ. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ, ಹೇಳ್ತೀನಿ ಸರ್ ಎಂದೆ.

ಮರುವಾರದಿಂದ ಎಂಟನೆಯವರ ಲೆಕ್ಕದ ಪೀರಿಯಡ್ಡು ನಾನೇ ತೆಗೆದುಕೊಂಡೆ. ಭಾಗಾಕಾರದಿಂದ ಹಿಡಿದೆ. ಅರ್ಧಕ್ಕರ್ಧ ಮಕ್ಕಳಿಗೆ ಕಳೆಯುವುದೂ ಮರೆತುಹೋಗಿತ್ತು, ಅಲ್ಲಿಗೂ ಹಿಂದಕ್ಕೆ ಹೋಗಬೇಕಾಯಿತು. ಎಷ್ಟು ಹಿಂದಕ್ಕೆ ಹೋಗಲಿ ಎಂದು ಅವರನ್ನೇ ಕೇಳಬೇಕೆಂದು ಪ್ರತಿ ಶನಿವಾರ ಅಂದುಕೊಳ್ಳುತ್ತಿದ್ದೆ. ಡಿಸೆಂಬರಿನಲ್ಲಿ ಅವರ ಮಗಳು ಫೋನು ಮಾಡಿ, ಅಪ್ಪ ಬೆಳಿಗ್ಗೆ ಹೋಗಿಬಿಟ್ಟರು ಮೇಡಂ ಎಂದಳು.