ಕೊಂಬಿನ ಗಾಡಿಗೆ ಹಿಂಭಾರ

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ನಡೆಯಬಾರದ ಸಂಗತಿಯೊಂದು ನಡೆದುಹೋಯಿತು. ನನ್ನ ಹೆಂಡತಿ ಅಂಗಡಿಯಿಂದ ತಂದ ಕಾಯಿಪುಡಿಯ ಪ್ಯಾಕೆಟ್ಟಿಗೆ ಕತ್ತರಿ ಹಾಕಿದಳು. ಊರು ತಿಪಟೂರು, ಹಿತ್ತಿಲಲ್ಲಿ ಕಾಯಿ ಹೊತ್ತು ನಿಂತ ತೆಂಗಿನ ಮರ, ಮನೆಯೊಳಗೆ ಪ್ಯಾಕೆಟ್ಟಿನ ಕಾಯಿಪುಡಿ! ನಮ್ಮ ಹಿರಿಯರ ಆತ್ಮಗಳು ಏನೆಂದುಕೊಂಡಾವು ಎಂದು ನಾನು ಗಂಭೀರವಾಗಿ ಆಕ್ಷೇಪಣೆ ಎತ್ತಿದೆ.

"ಮೊಣಕೈ ನೋವು ಕಣ್ರೀ. ನೀವು ತುರ್ಕೊಡ್ತೀರಾ ಹೇಳಿ, ಈಗ್ಲೇ ಪ್ಯಾಕೆಟ್ ವಾಪಸ್ ಕೊಟ್ ಬತ್ತೀನಿ" ಎಂದಳು.

ಹಿರಿಯರ ಆತ್ಮಗಳಿಗೆ ಸ್ವಲ್ಪ ಹೊಂದಿಕೊಂಡು ಹೋಗುವಂತೆ ಮನಸ್ಸಿನಲ್ಲೇ ಕೇಳಿಕೊಂಡು ನಾನು ಪೇಪರ್ ಕೈಗೆತ್ತಿಕೊಂಡೆ. ಆದರೆ ಓದಲಾಗಲಿಲ್ಲ. ಪ್ಯಾಕೆಟ್ಟಿನಿಂದ ಹೊರಟ ವಾಸನೆ ಪಡಸಾಲೆಗೆ ಬಂದು ಕೂತಿತ್ತು. ಹಸಿಕಾಯಿಯದ್ದೂ ಅಲ್ಲ, ಕೊಬ್ಬರಿಯದ್ದೂ ಅಲ್ಲ. ಬಿಸಿಗಾಳಿಯಲ್ಲಿ ಒಣಗಿದ ಕಾಯಿಪುಡಿಯ ಸಿಹಿ ಜಿಡ್ಡಿನ ವಾಸನೆ. ನಿಮಗೆ ಅದು ಬರ್ಫಿಯನ್ನು ನೆನಪಿಸಬಹುದು. ನನಗೆ ನೆನಪಾಗುವುದು ಕಾಳಿಂಗಯ್ಯನ ಬೆನ್ನು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಒಂದು ಕಾಯಿಪುಡಿ ಕಾರ್ಖಾನೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಕಾಯಿ ಒಡೆದು, ಕಪ್ಪು ಸಿಪ್ಪೆ ಹೆರೆದು, ತುರಿದು, ಒಣಗಿಸಿ, ಚೀಲಕ್ಕೆ ತುಂಬಿ ದೂರದೇಶಗಳ ಬಿಸ್ಕತ್ತು ಕಾರ್ಖಾನೆಗಳಿಗೆ ಕಳಿಸುವುದು ಅಲ್ಲಿಯ ವ್ಯಾಪಾರ. ಚೀಲಗಳನ್ನು ಲಾರಿಗೆ ಹೊರುತ್ತಿದ್ದವರು ಹಮಾಲಿಗಳು. ಹೀಗಿರುವಾಗ ನಮ್ಮ ಯಜಮಾನರು ಬೆಂಗಳೂರಿಗೆ ಯಾವುದೋ ಮದುವೆಗೆ ಹೋದವರು ಹೊರೆ ಎತ್ತುವ ಹಳೆಯದೊಂದು ಫೋರ್ಕ್‌ಲಿಫ್ಟ್ ಯಂತ್ರ ಕೊಂಡು ಬಂದರು. ಮದುವೆಗೆ ಹೋದವರು ತಾಂಬೂಲ ತರುತ್ತಾರೆ. ಆದರೆ ನಮ್ಮ ಯಜಮಾನರ ಕೈ ದೊಡ್ಡದು.

ಮುಂದೆ ಎರಡು ಕಬ್ಬಿಣದ ಕೊಂಬು, ಮೇಲೊಂದು ತಗಡಿನ ಚಾವಣಿ, ಹಿಂದೆ ಭಾರಕ್ಕೆಂದು ಎಮ್ಮೆಯ ಸೊಂಟದಂಥ ಎರಕದ ಗಟ್ಟಿ. ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರ ಬಿಟ್ಟು ಹಿಂದಿನದು ತಿರುಗುತ್ತಿತ್ತು. ಅದಕ್ಕೆ ಆಳುಗಳು ಕೂಡಲೇ "ಕೊಂಬಿನ ಗಾಡಿ" ಎಂದು ನಾಮಕರಣ ಮಾಡಿದರು. ಓಡಿಸಲು ತಿಪಟೂರಿನ ಮೆಕ್ಯಾನಿಕ್ ಮನೆತನದ ರಫೀಕ್ ಬಂದ. ಟ್ರ್ಯಾಕ್ಟರ್ ಓಡಿಸಿ ಪಳಗಿದವನು, ಯಾವ ಇಂಜಿನ್ನಿಗೂ ಹೆದರುವವನಲ್ಲ.

ಪೂಜೆ ಭರ್ಜರಿಯಾಗಿಯೇ ಆಯಿತು. ಎರಡು ಬಾಳೆಕಂದು ಕೊಂಬಿಗೆ ಕಟ್ಟಿದ್ದರಿಂದ ರಫೀಕನಿಗೆ ಕಾಣುತ್ತಿದ್ದುದು ಬಾಳೆ ಎಲೆ ಮಾತ್ರ. ಚಕ್ರಗಳ ಕೆಳಗೆ ನಿಂಬೆಹಣ್ಣು, ಮುಂದೆ ಕುಂಕುಮ ತುಂಬಿ ಒಡೆದ ಬೂದುಗುಂಬಳ. ಮಂಗಳಾರತಿಯಾದ ಮೇಲೆ ಗಾಡಿ ಗಾಂಭೀರ್ಯದಿಂದ ಮುಂದೆ ಹೊರಟು, ಕುಂಬಳದ ತಿರುಳಿನ ಮೇಲೆ ಜಾರಿ, ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ ಪುರೋಹಿತರ ಕಡೆಗೇ ನುಗ್ಗಿತು. ಪುರೋಹಿತರು ತಟ್ಟೆ ಬಿಡದೆ ಜಗಲಿಗೆ ಹಾರಿದರು. ದೃಷ್ಟಿ ಕಳೆಯಿತು ಎಂದು ಯಜಮಾನರು ಘೋಷಿಸಿದರು. ನಮ್ಮ ಕಾರ್ಖಾನೆಯ ಮೊದಲ ಅಪಘಾತ ಅಪಘಾತ ನಿವಾರಣೆಯ ಪೂಜೆಯಲ್ಲೇ ಆದದ್ದು ಯಾರ ಗಮನಕ್ಕೂ ಬರಲಿಲ್ಲ.

ಆ ಯಂತ್ರ ಎಷ್ಟು ಭಾರ ಎತ್ತಬಹುದೆಂದು ಅದರ ಮೈಮೇಲೆಯೇ ತಗಡು ಹೊಡೆದಿದ್ದರು. ಅದು ಬೇರೆಯವರಿಗೆ ಬರೆದದ್ದು ಎಂಬುದು ಯಜಮಾನರ ಅಭಿಪ್ರಾಯ. ಮರದ ಮಣೆಯ ಮೇಲೆ ಅದಕ್ಕಿಂತ ಹೆಚ್ಚು ಚೀಲ ಪೇರಿಸಿ ಎತ್ತಿಸಿದರು. ಚೀಲ ಮೇಲೇಳಲಿಲ್ಲ, ಗಾಡಿಯ ಹಿಂಭಾಗ ಎದ್ದಿತು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುವುದನ್ನು ನೋಡುತ್ತ ನಾವೆಲ್ಲ ನಿಂತಿದ್ದೆವು.

ಆಗ ಮುಂದೆ ಬಂದವನೇ ಕಾಳಿಂಗಯ್ಯ. ಕಂದಿಕೆರೆ ಕಡೆಯವನು, ಆನೆಯಂಥ ಆಳು. ಹಮಾಲಿಗಳಲ್ಲೆಲ್ಲ ಅವನ ಬೆನ್ನೇ ಅಗಲ. ಆದರೆ ಮೂಟೆ ಹೊತ್ತು ಹೊತ್ತು ಅವನ ಬಲಮಂಡಿ ಕೈಕೊಟ್ಟಿತ್ತು. ಇನ್ನೆಷ್ಟು ದಿನ ಕೆಲಸದಲ್ಲಿ ಇಟ್ಟುಕೊಂಡಾರು ಎಂಬ ಅಳುಕು ಅವನಿಗೆ ಇದ್ದೇ ಇತ್ತು. ಎತ್ತಿನಗಾಡಿ ಹಿಂದಕ್ಕೆ ಜಗ್ಗಿದರೆ ಮುಂದೆ ಮೂಕಿಯ ಮೇಲೆ ಒಬ್ಬ ಕೂರುವುದನ್ನು ನಮ್ಮ ಕಡೆ ಯಾರಿಗೂ ಕಲಿಸಬೇಕಾಗಿಲ್ಲ. ಇದು ಮುಂದಕ್ಕೆ ಜಗ್ಗುವ ಗಾಡಿ, ಆದ್ದರಿಂದ ಹಿಂದೆ ಕೂರಬೇಕು. ಕಾಳಿಂಗಯ್ಯ ಆ ಎರಕದ ಗಟ್ಟಿಯ ಮೇಲೆ ಹತ್ತಿ ಕೂತ. ಗಾಡಿ ಮೆತ್ತಗೆ ನೆಲಕ್ಕಿಳಿಯಿತು. ಚೀಲ ಎದ್ದಿತು. ಚಪ್ಪಾಳೆಯೂ ಎದ್ದಿತು.

"ಇವತ್ತಿಂದ ನೀನು ಮೂಟೆ ಹೊರಬ್ಯಾಡ ಕಣಪ್ಪ. ಸುಮ್ನೆ ಕೂತ್ಕೊ, ಅದೇ ನಿನ್ ಕೆಲ್ಸ" ಎಂದರು ಯಜಮಾನರು.

ಕೂರುವುದಕ್ಕೆ ಸಂಬಳ ಪಡೆಯುವ ಭಾಗ್ಯ ಅದುವರೆಗೆ ಕಾರ್ಖಾನೆಯಲ್ಲಿ ನನಗೊಬ್ಬನಿಗೇ ಇತ್ತು. ಹಾಜರಿಯಲ್ಲಿ ಅವನ ಹುದ್ದೆಗೆ ನಾನೇ "ಹಿಂಭಾರ" ಎಂದು ಹೆಸರಿಟ್ಟೆ. ಊಟದ ಮನೆಯಲ್ಲಿ ಕಾಳಿಂಗಯ್ಯ ತಟ್ಟೆ ಚಾಚಿ, "ಇನ್ನೊಂದ್ ಮುದ್ದೆ ಇಕ್ಕವ್ವ, ನಂಗಲ್ಲ, ಕಂಪ್ನಿಗೆ" ಎನ್ನುತ್ತಿದ್ದ. ಯಾರೂ ಇಲ್ಲವೆನ್ನುವಂತಿರಲಿಲ್ಲ.

ಸ್ವಲ್ಪ ಕಾಲ ಹೀಗೆ ಸುಖವಾಗಿ ನಡೆಯಿತು. ಆಮೇಲೆ ದೂರದೇಶದ ಖರೀದಿದಾರರು ತಗಾದೆ ತೆಗೆದರು. ಫೋರ್ಕ್‌ಲಿಫ್ಟ್ ಓಡಿಸುವವರಿಗೆ ಸುರಕ್ಷತೆಯ ತರಬೇತಿ ಆಗಿದೆ ಎಂಬುದಕ್ಕೆ ಫೋಟೋ ಸಮೇತ ಪುರಾವೆ ಬೇಕಂತೆ. ನಮ್ಮ ಜನ ಹೇಗಾದರೂ ಸಾಯಲಿ, ಅವರ ಬಿಸ್ಕತ್ತಿಗೆ ಆ ಪಾಪ ಅಂಟಬಾರದು ಎಂದಿರಬೇಕು. ಯಜಮಾನರು ಬೆಂಗಳೂರಿನಿಂದ ಚಂಗಪ್ಪ ಎಂಬುವರನ್ನು ಕರೆಸಿದರು. ಮಿಲಿಟರಿಯಿಂದ ನಿವೃತ್ತರಾದವರು, ಕೊಡಗಿನ ಕಡೆಯವರು, ಮೀಸೆಯನ್ನೂ ಅಳತೆಪಟ್ಟಿ ಇಟ್ಟು ಕತ್ತರಿಸಿದಂತಿತ್ತು. ತರಬೇತಿಗೆ ಇಷ್ಟು ಜನವಾದರೂ ಇರಬೇಕೆಂದು ಅವರು ಹೇಳಿದ್ದರಿಂದ ತಲೆಲೆಕ್ಕ ತುಂಬಿಸಲು ನನ್ನನ್ನೂ ಕೂರಿಸಿದರು. ಸೈಕಲ್ಲಿನ ಮೇಲೆಯೇ ಎರಡು ಮನಸ್ಸಿನಿಂದ ಕೂರುವ ನಾನು ಹೀಗೆ ಫೋರ್ಕ್‌ಲಿಫ್ಟ್ ವಿದ್ಯಾರ್ಥಿಯಾದೆ.

ಚಂಗಪ್ಪನವರು ನೆಲದ ಮೇಲೆ ಸೀಮೆಸುಣ್ಣದಿಂದ ತ್ರಿಕೋನ ಬರೆದರು. ಗಾಡಿಯ ತೂಕ, ಹೊರೆಯ ತೂಕ ಎರಡೂ ಸೇರಿ ಈ ತ್ರಿಕೋನದೊಳಗೇ ನಿಲ್ಲಬೇಕು, ಆಚೆ ಹೋದರೆ ಗಾಡಿ ಮಗುಚುತ್ತದೆ ಎಂದು ವಿವರಿಸಿದರು. ಯಾರೋ ಒಬ್ಬ ಭಕ್ತಿಯಿಂದ ಚಪ್ಪಲಿ ಬಿಟ್ಟು ತ್ರಿಕೋನದಾಚೆ ನಿಂತ. ಹೊರೆಯನ್ನು ಎತ್ತರಕ್ಕೆ ಎತ್ತಿಕೊಂಡು ತಿರುಗಬಾರದು, ಕೊಂಬಿನ ಕೆಳಗೆ ಯಾರೂ ನಿಲ್ಲಬಾರದು, ನೆಲದ ಮೇಲೆ ಸೀಟಿ ಹಿಡಿದ ಒಬ್ಬ ದಾರಿ ತೋರಿಸುತ್ತಿರಬೇಕು, ಅವನು ಊದಿದರೆ ರಾಜನೇ ಬಂದರೂ ಗಾಡಿ ನಿಲ್ಲಬೇಕು. ಇಷ್ಟಾಗುವ ಹೊತ್ತಿಗೆ ಅವರ ಕಣ್ಣು ಗಾಡಿಯ ಹಿಂದೆ ನುಣುಪಾಗಿ ಸವೆದಿದ್ದ ಬಣ್ಣದ ಮೇಲೆ ಬಿತ್ತು.

"ಇಲ್ಲಿ ಏನು ಉಜ್ಜುತ್ತದೆ?"

"ನಾನು ಸಾ" ಎಂದು ಕಾಳಿಂಗಯ್ಯ ಹೆಮ್ಮೆಯಿಂದ ಎದ್ದು ನಿಂತ.

ಚಂಗಪ್ಪನವರು ಆ ಸವೆದ ಜಾಗವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಆಮೇಲೆ ನಮ್ಮನ್ನೆಲ್ಲ ಜಗಲಿಗೆ ಹತ್ತಿಸಿ, ಕೊಂಬಿನ ಮೇಲೆ ಮರಳಿನ ಮೂಟೆ ಹೇರಿಸಿದರು. ಹಿಂದೆ ಕಾಳಿಂಗಯ್ಯ ಕೂರುವ ಜಾಗದಲ್ಲಿ ಎರಡು ಗೋಣಿಚೀಲ ತೆಂಗಿನ ಚಿಪ್ಪು ಇಡಿಸಿ, ತಾವೇ ಗಾಡಿ ಹತ್ತಿದರು. ನಾಲ್ಕು ಮಾರು ಮುಂದೆ ಹೋಗಿ ಬ್ರೇಕ್ ಒತ್ತಿದರು. ಗಾಡಿಯ ಹಿಂಭಾಗ ಮೇಲೆದ್ದಿತು. ಮರಳಿನ ಮೂಟೆಗಳು ಮುಂದಕ್ಕೆ ಜಾರಿ ಬಿದ್ದವು. ಎದ್ದಿದ್ದ ಹಿಂಭಾಗ ದಡ್ಡನೆ ನೆಲಕ್ಕಪ್ಪಳಿಸಿತು. ಚಿಪ್ಪಿನ ಚೀಲಗಳು ಹಾರಿ ಹಿಂದೆ ಬಿದ್ದವು. ಗಾಡಿ ತುಸು ಹಿಂದಕ್ಕುರುಳಿ ಅವುಗಳ ಮೇಲೆ ಹತ್ತಿ ನಿಂತಿತು. ದಿನವಿಡೀ ಕಾಯಿ ಒಡೆಯುವ ಕಾರ್ಖಾನೆ ಅದು, ಚಿಪ್ಪು ಒಡೆಯುವ ಸದ್ದು ನಮಗೆ ಹೊಸದಲ್ಲ. ಆದರೂ ಆವತ್ತು ಆ ಪಟಪಟ ಸದ್ದಿಗೆ ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು.

ಕಾಳಿಂಗಯ್ಯ ಮಾತ್ರ ಮೆಲ್ಲಗೆ ಹೇಳಿದ: "ಅದು ಚಿಪ್ಪು ಸಾ. ಅದಕ್ ಕೈ ಇಲ್ಲ. ನಾನಾದ್ರೆ ಗಟ್ಟಿಯಾಗ್ ಹಿಡ್ಕೊಂತೀನಿ."

ರಫೀಕ್ ಅವನನ್ನೇ ನೋಡುತ್ತಿದ್ದ. ರಫೀಕನ ಮುಖ ಸುಣ್ಣದ ಗೋಡೆಯಾಗಿತ್ತು. ಇಷ್ಟು ದಿನ ಆ ಬ್ರೇಕಿನ ಮೇಲಿದ್ದ ಕಾಲು ಅವನದೇ ತಾನೆ.

ತರಬೇತಿ ಮುಗಿಯಿತು. ನನಗೂ ಸರ್ಟಿಫಿಕೇಟ್ ಸಿಕ್ಕಿತು. ಚಂಗಪ್ಪನವರು ಬಸ್ಸಿಗೆ ಹೋದ ಮೇಲೆ ಪುರಾವೆಯ ಫೋಟೋ ತೆಗೆಯಬೇಕಲ್ಲ, ಗಾಡಿಗೆ ಹೂವಿನ ಹಾರ ಹಾಕಿ ಎಲ್ಲರೂ ನಿಂತೆವು. ಕ್ಯಾಮೆರಾ ಕ್ಲಿಕ್ಕೆನ್ನುವ ಮುಂಚೆ ಯಜಮಾನರಿಗೆ ಏನೋ ಕೊರತೆ ಕಂಡಿತು. "ಲೇ ಕಾಳಿಂಗ, ಬಾ ನಿನ್ ಜಾಗದಲ್ಲಿ ಕೂತ್ಕೊಳ್ಲಾ. ನೀನಿಲ್ದೆ ಗಾಡಿ ಬೋಳುಬೋಳಾಗೈತೆ" ಎಂದರು. ಕಾಳಿಂಗಯ್ಯ ತಲೆ ಬಾಚಿಕೊಂಡು ಬಂದು ಹತ್ತಿ ಕೂತ. ಸುರಕ್ಷತಾ ತರಬೇತಿಯ ಪುರಾವೆಯಾಗಿ ಆ ಫೋಟೋ ಸಮುದ್ರ ದಾಟಿತು.

ಉತ್ತರ ಫ್ಯಾಕ್ಸಿನಲ್ಲಿ ಬಂತು. ಯಂತ್ರದ ಹಿಂದೆ ಕೂತು ನಗುತ್ತಿರುವ ಆ ಮಹನೀಯರು ಯಾರು ಎಂದು ಕೇಳಿದ್ದರು. ಉತ್ತರ ಬರುವವರೆಗೆ ಖರೀದಿ ನಿಂತಿದೆ ಎಂದೂ ಸೇರಿಸಿದ್ದರು.

"ಪೂಜಾರಿ ಅಂತ ಬರೀರಿ" ಎಂದರು ಯಜಮಾನರು.

"ಪೂಜಾರಿಗೆ ಖಾಕಿ ಚಡ್ಡಿ ಇರಲ್ಲವಲ್ಲ ಸಾರ್" ಎಂದೆ.

ಆಗ ಅವರು ದೊಡ್ಡವರಿಗೆ ಮಾತ್ರ ಹೊಳೆಯುವ ಪರಿಹಾರ ಕಂಡುಹಿಡಿದರು. "ಅವನನ್ನ ಮನೆಗೆ ಕಳಿಸ್ಬುಡಿ. ಅಂಥೋನು ನಮ್ಮಲ್ಲಿಲ್ಲ ಅಂತ ಬರೀರಿ. ಅದು ಸುಳ್ಳೂ ಆಗಲ್ಲ."

ಸತ್ಯಕ್ಕೆ ಅವರು ಅಷ್ಟು ಬೆಲೆ ಕೊಟ್ಟದ್ದನ್ನು ನಾನು ಅದೇ ಮೊದಲು ಕಂಡದ್ದು. ಸುದ್ದಿ ಮುಟ್ಟಿಸುವ ಕೆಲಸ ಸಹಜವಾಗಿಯೇ ನನಗೆ ಬಿತ್ತು. ಕಾಳಿಂಗಯ್ಯ ಚೀಲದ ರಾಶಿಗೆ ಒರಗಿ ಕೂತು ಮಂಡಿ ನೀವಿಕೊಳ್ಳುತ್ತಿದ್ದ.

"ಕೂತ್ಕೊ ಅಂದೋರು ಅವ್ರೇ, ಈಗ ಯಾಕ್ ಕೂತೆ ಅನ್ನೋರೂ ಅವ್ರೇನಾ ಸಾ?" ಎಂದ. "ಮೂಟೆ ಹೊರೋಕೆ ಮಂಡಿ ಇಲ್ಲ. ಮರ ಹತ್ತೋಕೆ ಈ ಮೈ ಬುಡಲ್ಲ. ಇಳ್ದು ಎಲ್ಲಿಗ್ ಹೋಗ್ಲಿ?"

ನಾನು ಕೆಮ್ಮಿದೆ.

ಅಷ್ಟರಲ್ಲಿ ಅಂಗಳದಲ್ಲಿ ಊರೊಳಗಿನ ವ್ಯಾಪಾರಿಯೊಬ್ಬರ ಲಾರಿ ಬಂದು ನಿಂತಿತ್ತು. ಯಜಮಾನರು ಹೊರಗೆ ಬಂದು, "ಎತ್ತೋ ರಫೀಕ, ಹೊತ್ತಾಯ್ತು. ಹಿಂದಕ್ ಇನ್ನ್ಯಾವನ್ನಾದ್ರೂ ಕೂರಿಸ್ಕೊ" ಎಂದರು. ರಫೀಕ್ ಗಾಡಿಯಿಂದ ಇಳಿದ. ಇಂಜಿನ್ ಆರಿಸಿ, ಬೀಗದ ಕೈಯನ್ನು ಅವರ ಮುಂದೆ ಹಿಡಿದ.

"ಯಾರನ್ನೂ ಕೂರ್ಸಲ್ಲ ಯಜಮಾನ್ರೇ. ಭಾರ ಕಮ್ಮಿ ಮಾಡಿ, ಎರಡ್ ಸಲ ಹೋಗ್ತೀನಿ. ಸೀಟಿ ಊದೋಕೆ ಕೆಳಗೊಬ್ಬ ಬೇಕು ಅಂದ್ರಲ್ಲ ಆ ಮಿಲಿಟ್ರಿ ಸಾರು, ಕಾಳಿಂಗಣ್ಣನ್ನ ಅದಕ್ ಹಾಕಿ. ಆಗಲ್ಲ ಅಂದ್ರೆ ತಗೊಳ್ಳಿ, ನೀವೇ ಓಡಿಸ್ಕೊಳ್ಳಿ."

"ಏನ್ಲಾ, ನೀನೊಬ್ನೇನಾ ಡ್ರೈವರ್ರು? ಸರ್ಟಿಫಿಕೇಟ್ ಇರೋರು ಬೇರೆಯೋರೂ ಅವ್ರೆ!" ಎಂದು ಯಜಮಾನರು ಸುತ್ತ ನೋಡಿದರು. ಅವರ ದೃಷ್ಟಿ ನನ್ನ ಮೇಲೆ ಬಂದು ನಿಂತಿತು. ನಾನು ಷೆಡ್ಡಿನ ತಗಡುಗಳಲ್ಲಿ ಎಲ್ಲಾದರೂ ತೂತಾಗಿದೆಯೇ ಎಂದು ಪರೀಕ್ಷಿಸತೊಡಗಿದೆ. ಹಾಗೆ ಪರೀಕ್ಷಿಸುತ್ತಲೇ, ತಲೆ ಇಳಿಸದೆ, ಒಂದು ಮಾತು ಹೇಳಿದೆ: "ಆ ಮಹನೀಯರು ನಮ್ಮ ಸುರಕ್ಷತಾ ಮೇಲ್ವಿಚಾರಕರು, ಹೇಗೆ ಕೂರಬಾರದು ಎಂಬುದನ್ನು ಚಿತ್ರದಲ್ಲಿ ತೋರಿಸುತ್ತಿದ್ದಾರೆ ಅಂತ ಫ್ಯಾಕ್ಸ್ ಕಳಿಸಬಹುದು ಸಾರ್."

ಯಜಮಾನರು ಬೀಗದ ಕೈ ನೋಡಿದರು, ಲಾರಿ ನೋಡಿದರು, ನಿಂತುಹೋದ ಖರೀದಿ ಕಣ್ಣ ಮುಂದೆ ಬಂದಿರಬೇಕು. ಕಾಳಿಂಗಯ್ಯನಿಗೆ ಸೀಟಿ ತರಿಸಿಕೊಟ್ಟರು. ಖರೀದಿದಾರರು ಆ ಉತ್ತರಕ್ಕೆ ಮೆಚ್ಚಿ, ಇಂಥ ಬೋಧನಾ ಕ್ರಮ ತಾವು ಬೇರೆಲ್ಲೂ ಕಂಡಿಲ್ಲವೆಂದು ಬರೆದರು. ಅದು ನಿಜವೇ ಇರಬೇಕು.

ಸೀಟಿ ಸಿಕ್ಕ ಕಾಳಿಂಗಯ್ಯ ಸಾಮಾನ್ಯನಾಗಿ ಉಳಿಯಲಿಲ್ಲ. ಕೊಂಬಿನ ಕೆಳಗೆ ನಾಯಿ ಹಾದರೂ ಊದುತ್ತಿದ್ದ. ಒಂದು ಚೀಲ ಹೆಚ್ಚಾದರೆ ಊದಿ ಇಳಿಸುತ್ತಿದ್ದ. ನಾನು ಕಾಫಿ ಲೋಟ ಹಿಡಿದು ಗಾಡಿಯ ದಾರಿಗೆ ಅಡ್ಡ ಬಂದೆನೆಂದು ಎಲ್ಲರೆದುರು ಊದಿ ಮಾನ ಕಳೆದ. ಇಳಿಸಿದ್ದಕ್ಕೆ ರಫೀಕನ ಮೇಲೆ ಮೊದಮೊದಲು ಮುನಿಸಿತ್ತು; ಅಧಿಕಾರದ ರುಚಿ ಹತ್ತಿದ ಮೇಲೆ ಅದೂ ಕರಗಿತು.

ಒಂದು ದಿನ ಮಧ್ಯಾಹ್ನ ಲಾರಿ ಹೊರಡುವ ಅವಸರ. ಕೊನೆಯ ಮಣೆಯ ಮೇಲೆ ಯಜಮಾನರೇ ನಿಂತು ಹಳೇ ಲೆಕ್ಕದಲ್ಲಿ ಚೀಲ ಹೇರಿಸಿದರು. ಕಾಳಿಂಗಯ್ಯ ಊದಿದ. "ಒಂದೇ ಸಲ ಕಣಯ್ಯ, ಮುಗ್ದೋಯ್ತದೆ" ಎಂದರು. ಅವನು ಮತ್ತೆ ಊದಿದ. ಅವರಿಗೆ ರೇಗಿತು. ಬಿಳಿ ಪಂಚೆಯನ್ನು ಮೇಲೆತ್ತಿ ಕಟ್ಟಿ, "ಯಾವನೂ ಬ್ಯಾಡ, ನಾನೇ ಕೂತ್ಕೊಂತೀನಿ" ಎಂದು ಗಾಡಿಯ ಹಿಂದೆ ಹತ್ತಿ ಕೂತೇಬಿಟ್ಟರು.

ಕಾಳಿಂಗಯ್ಯ ಸೀಟಿಯನ್ನು ಬಾಯಿಂದ ತೆಗೆದ. ಕುಂಟುತ್ತ ಅವರ ಹತ್ತಿರ ಹೋಗಿ, ಕೈ ಚಾಚಿದ.

"ಇಳೀರಿ ಬುದ್ಧಿ. ಇದು ನನ್ ಜಾಗ. ನಾನೇ ಕೂರಲ್ಲ, ನೀವ್ಯಾಕ್ ಕೂರ್ತೀರಿ?"

ರಫೀಕ್ ಇಂಜಿನ್ ಆರಿಸಿದ. ಯಜಮಾನರು ಕಾಳಿಂಗಯ್ಯನ ಕೈ ಹಿಡಿದುಕೊಂಡೇ ಇಳಿದರು. "ನೀವೆಲ್ಲ ಹುಷಾರಾಗಿದ್ದೀರೋ ಇಲ್ವೋ ಅಂತ ಟೆಸ್ಟ್ ಮಾಡ್ದೆ ಕಣ್ರಯ್ಯಾ" ಎಂದು ಪಂಚೆ ಇಳಿಬಿಟ್ಟುಕೊಂಡು ಒಳಗೆ ಹೋದರು. ಹೆಚ್ಚಿನ ಚೀಲಗಳನ್ನು ಇಳಿಸಲಾಯಿತು. ಕಾಳಿಂಗಯ್ಯ ಆ ಕಾರ್ಖಾನೆಯಲ್ಲಿ ನೆಲದ ಮೇಲೆ ನಿಂತೇ ನಿವೃತ್ತನಾದ.

ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಇವತ್ತು ನಮ್ಮ ರಸ್ತೆಗೆ ತೆಂಗಿನಕಾಯಿ ಸಿಪ್ಪೆ ತುಂಬಿದ ಟ್ರ್ಯಾಕ್ಟರ್ ಬಂತು. ಡ್ರೈವರನ ಪಕ್ಕ ಮಡ್‌ಗಾರ್ಡಿನ ಮೇಲೆ ಒಬ್ಬ ಯುವಕ, ಕಾಲು ದೊಡ್ಡ ಚಕ್ರದ ಕಡೆಗೆ ಜೋತು ಬಿಟ್ಟು, ಮೊಬೈಲು ನೋಡುತ್ತ ಕೂತಿದ್ದ. ಇಂಥದ್ದನ್ನು ನಾನು ದಿನಾ ನೋಡುತ್ತೇನೆ, ನೋಡಿ ಪೇಪರ್ ಓದುತ್ತೇನೆ. ಇವತ್ತು ಯಾಕೋ ಗೇಟು ತೆಗೆದು ರಸ್ತೆಯ ನಡುವೆ ಹೋಗಿ ನಿಂತುಬಿಟ್ಟೆ. ಟ್ರ್ಯಾಕ್ಟರ್ ಕಿರ್ರನೆ ನಿಂತಿತು.

"ಏನ್ ಸಾ, ದಾರಿ ಬುಡಿ" ಎಂದ ಡ್ರೈವರ್.

"ಅವನನ್ನ ಇಳಿಸಪ್ಪ, ಬಿಡ್ತೀನಿ."

"ಯಾರ್ರೀ ನೀವು ಇಳಿಸೋಕೆ? ಇಳ್ದು ನಾನೆಲ್ ಕೂರ್ಲಿ?" ಎಂದ ಆ ಯುವಕ.

"ಇಷ್ಟು ದೊಡ್ಡ ನೆಲ ಇದೆಯಲ್ಲಪ್ಪ" ಎಂದೆ. ಬಾಗಿಲಲ್ಲಿ ನನ್ನ ಹೆಂಡತಿ, ಗಂಡನಿಗೆ ಏನಾಯಿತೋ ಎಂಬ ಮುಖ ಮಾಡಿಕೊಂಡು ನಿಂತಿದ್ದಳು. ಹಿಂದೆ ಎರಡು ಬೈಕು ಹಾರನ್ ಹೊಡೆಯತೊಡಗಿದವು. ನಾನು ಕದಲಲಿಲ್ಲ. ಕೊನೆಗೆ ಆ ಯುವಕ ಧುಮುಕಿದ. ಟ್ರ್ಯಾಕ್ಟರ್ ಮುಂದೆ ಹೋಯಿತು. ಅವನು ರಸ್ತೆಯ ತಿರುವಿನವರೆಗೂ ಹಿಂತಿರುಗಿ ಹಿಂತಿರುಗಿ ನನ್ನನ್ನು ಬೈಯುತ್ತ ನಡೆದ. ಎರಡೂ ಕಾಲಿನ ಮೇಲೆ ನಡೆಯುತ್ತಿದ್ದನಲ್ಲ, ಬೈಗುಳ ಅಷ್ಟೇನೂ ನಾಟಲಿಲ್ಲ.