ಅರ್ಧ ಸುತ್ತು ತಿರುಗಿದ ಮೇವಿನ ಯಂತ್ರ

“ಅಮ್ಮ, ನಾನು ಸ್ವಿಚ್ ಹಾಕಿ ಆರಿಸಿದ್ರೆ ಬಯ್ತೀಯ. ಅಂಬರೀನ್ ಆಂಟಿ ಬೆಳಗ್ಗಿಂದ ಅದನ್ನೇ ಮಾಡ್ತಿದಾರೆ. ಅವರಿಗೆ ಯಾರೂ ಬಯ್ಯಲ್ವಾ?”

ನನ್ನ ಐದು ವರ್ಷದ ಮಗಳು ಮಧುಶ್ರೀಯ ಪ್ರಶ್ನೆ. ಬಯ್ಯುವವರು ಇದ್ದರು, ಅಂಬರೀನ್ ಕೇಳುತ್ತಿರಲಿಲ್ಲ ಅಷ್ಟೆ.

ಶಿಕಾರಿಪುರದ ನಮ್ಮ ಮನೆಯೆದುರು ಜಬೀವುಲ್ಲಾ ಸಾಹೇಬರ ಮೋಟಾರ್ ವೈಂಡಿಂಗ್ ಅಂಗಡಿ. ಅವರ ಮಗಳು ಅಂಬರೀನ್. ಸುಟ್ಟ ಮೋಟಾರಿಗೆ ತಂತಿ ಸುತ್ತುವುದನ್ನು ಅಪ್ಪನಿಂದ ಕಲಿತಳು. ಡಿಪ್ಲೊಮಾ ಮುಗಿಸಿದ ಮೇಲೆ, ಚಿಪ್‌ಗೆ ಪ್ರೋಗ್ರಾಂ ಬರೆದು ಯಂತ್ರ ನಡೆಸುವುದನ್ನು ತಾನೇ ಕಲಿತಳು.

ಕುರಿ ಸಾಕುವ ಮನೆಗಳಲ್ಲಿ ಮೇವು ಕತ್ತರಿಸುವ ಯಂತ್ರವಿರುತ್ತದೆ. ಕರೆಂಟ್ ಹೋದಾಗ ಸ್ವಿಚ್ ಆರಿಸದೆಯೇ, ಸಿಕ್ಕಿಕೊಂಡ ದಂಟು ಕೀಳಲು ಕೈ ಹಾಕುತ್ತಾರೆ. ಕರೆಂಟ್ ಬಂದರೆ ಬ್ಲೇಡು ತಿರುಗುತ್ತದೆ. ಹಾಗಾಗದಿರಲೆಂದು ಅಂಬರೀನ್ ಒಂದು ಪೆಟ್ಟಿಗೆ ಮಾಡಿದಳು. ಕರೆಂಟ್ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಯಂತ್ರ ಓಡಕೂಡದು. ಹೊಸಬಾಳೆ, ಉಳವಿ, ಬಂದಳಿಕೆ, ಊರಿಗೊಂದರಂತೆ ಮೂರು ಪೆಟ್ಟಿಗೆ ಕೊಟ್ಟಿದ್ದಳು.

ಸೋಮವಾರ ಹೊಸಬಾಳೆಯ ಉಜ್ಜಪ್ಪ ತಮ್ಮ ಪೆಟ್ಟಿಗೆಯನ್ನು ಬಿಚ್ಚಿ ತಂದು ಅಂಗಡಿ ಕಟ್ಟೆಯ ಮೇಲಿಟ್ಟರು.

“ತಗಳವ್ವ ನಿನ್ನ ಪೆಟ್ಟಿಗೆ. ಕರೆಂಟ್ ಬಂದಿದ್ದೇ ಯಂತ್ರ ಅರ್ಧ ಸುತ್ತು ತಿರುಗಿ ನಿಂತ್ಕಂತು. ನನ್ನ ಹೆಂಡ್ತಿ ಈಶ್ವರಮ್ಮನ ಕೈ ಒಳಗಿತ್ತು. ಬಳೆ ಒಡೀತು, ಬೆರಳು ಉಳ್ಕಂಡ್ವು. ನಿನ್ನ ಪೆಟ್ಟಿಗೆ ಐತೆ ಅಂತಾನೇ ಧೈರ್ಯವಾಗಿ ಕೈ ಹಾಕಿದ್ಲು.”

ಅಂಬರೀನ್ ಪೆಟ್ಟಿಗೆಯನ್ನು ಎತ್ತಿ ಒಳಗಿನ ಮೇಜಿನ ಮೇಲಿಟ್ಟಳು.

“ಬಿಡು ಬೇಟಾ, ತಂತಿ ಸುತ್ತೋದೇ ಸಾಕು ನಮಗೆ,” ಎಂದರು ಸಾಹೇಬರು.

“ಸಿಗೋವರೆಗೂ ಬಿಡಲ್ಲ ಅಬ್ಬಾ.”

ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಕರೆಂಟ್ ತೆಗೆಯುತ್ತ, ಮತ್ತೆ ಕೊಡುತ್ತ ನೋಡತೊಡಗಿದಳು. ಬುಧವಾರದ ಹೊತ್ತಿಗೆ ನೂರನಲವತ್ತು ಸಲ ಮಾಡಿದರೂ ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ನಾನು ಒಯ್ದ ಚಹಾ ಆರಿ ಕೆನೆ ಕಟ್ಟಿತ್ತು.

“ಇಲ್ಲಿ ಸರಿ ಇದೆ, ಅಲ್ಲಿ ಕೆಡುತ್ತೆ. ಹಾಗಾದ್ರೆ ಅಲ್ಲಿ ಇಲ್ದಿರೋದು ಇಲ್ಲೇನಿದೆ ಅಕ್ಕ?” ಎಂದವಳೇ ಉಜ್ಜಪ್ಪನ ಕೊಟ್ಟಿಗೆಯಲ್ಲಿ ಇಲ್ಲದ್ದನ್ನೆಲ್ಲ ಮೇಜಿನಿಂದ ಒಂದೊಂದಾಗಿ ತೆಗೆದಳು. ಕೊನೆಗೆ ಲ್ಯಾಪ್‌ಟಾಪಿನ ವೈರನ್ನೂ ಕಿತ್ತು ಕರೆಂಟ್ ಕೊಟ್ಟಳು.

ಟಕ್ ಎಂದಿತು. ಯಂತ್ರಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಕ್ಷಣಕಾಲ ಕಚ್ಚಿಕೊಂಡು, ಮತ್ತೆ ಬಿಟ್ಟಿತು.

ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಆ ವೈರಿನ ಮೂಲಕ ಚಿಪ್ಪನ್ನು ಎಚ್ಚರವಾಗಿಯೇ ಇಟ್ಟಿತ್ತು. ಕೊಟ್ಟಿಗೆಯಲ್ಲಾದರೆ ಅದು ಪೂರ್ತಿ ಆರಿ, ಮತ್ತೆ ಮೊದಲಿನಿಂದ ಶುರುವಾಗಬೇಕು. ಆ ಶುರುವನ್ನೇ ಅವಳು ನೋಡಿರಲಿಲ್ಲ. ಸಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಅವಳು ಬರೆದದ್ದು ನೇರ ಚಿಪ್ಪಿನ ಕಾಲಿಗೇ, ಅಂದರೆ ರಿಲೇಗೆ ಜೋಡಿಸಿದ ಪಿನ್ನಿಗೇ ತಲುಪುತ್ತದೆ, ಬರೆದ ಕ್ರಮದಲ್ಲೇ. ಈ ಕಾಲು ಇನ್ನು ಆಜ್ಞೆ ಕೊಡಲಿ ಎಂದು ಮೊದಲ ಸಾಲು. ಕರೆಂಟ್ ಸ್ಥಿರವಾಗಲಿ ಎಂದು ಅರ್ಧ ಸೆಕೆಂಡು ಕಾಯುವುದು ಎರಡನೆಯದು. ಆಮೇಲಷ್ಟೇ ‘ನಿಲ್ಲು’ ಎನ್ನುವ ಸಾಲು. ಆ ಅರ್ಧ ಸೆಕೆಂಡು ಕಾಲಿನಲ್ಲಿ ಸೊನ್ನೆ ಇರುತ್ತಿತ್ತು. ಅವಳು ಹಾಕಿದ ರಿಲೇಗೆ ಸೊನ್ನೆಯೆಂದರೆ ‘ಓಡು’.

“ಏನು ಹೇಳ್ಬೇಕು ಅಂತ ಮೊದ್ಲೇ ಯೋಚಿಸಿ ಬಾಯಿ ಬಿಡ್ಬೇಕಿತ್ತು. ಬಾಯಿ ಬಿಟ್ಕೊಂಡು ಯೋಚಿಸ್ದೆ.”

“ನಮ್ಮ ಯಜಮಾನರ ಥರ,” ಎಂದೆ. ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

‘ನಿಲ್ಲು’ ಸಾಲನ್ನು ಎಲ್ಲಕ್ಕಿಂತ ಮೇಲೆ ತಂದಳು. ಚಿಪ್ಪು ಏಳುವವರೆಗೂ ರಿಲೇಯನ್ನು ತಡೆದಿಡಲು ಒಂದು ರೆಸಿಸ್ಟರ್ ಬೆಸೆದಳು. ಲ್ಯಾಪ್‌ಟಾಪಿಲ್ಲದೆ ಮತ್ತೆ ಇನ್ನೂರು ಸಲ ನೋಡಿದಳು. ಟಕ್ ಎನ್ನಲಿಲ್ಲ. ಆದರೂ ಅವಳ ಮುಖ ಸಡಿಲಾಗಲಿಲ್ಲ. ಉಳವಿ, ಬಂದಳಿಕೆಗಳಲ್ಲಿ ಹಳೆಯ ಪೆಟ್ಟಿಗೆಗಳೇ ಇದ್ದವು.

“ನಾಳೆ ಮೊದಲ ಬಸ್ಸಿಗೆ ಹೋಗ್ತೀನಿ ಅಕ್ಕ. ಫೋನ್ ಮಾಡಿದ್ರೆ ಗಂಡಸರು ‘ಹೂಂ, ಬಾರವ್ವ’ ಅಂದು ಇಟ್ಬಿಟ್ರು. ಮೇವು ಹಾಕೋರು ಅವರಲ್ಲ. ಪೆಟ್ಟಿಗೆ ವಿಷ್ಯ ಅಂದ್ರೆ ಫೋನ್ ಅವರ ಕೈ ಬಿಟ್ಟು ಒಳಗೆ ಹೋಗಲ್ಲ. ನೀವು ಈಗ್ಲೇ ಫೋನ್ ಮಾಡ್ರೀ, ಪೆಟ್ಟಿಗೆ ವಿಷ್ಯ ಎತ್ತದೆ ಮನೆ ಹೆಂಗಸರನ್ನೇ ಕರೆಸಿ. ನಾನು ಬರೋವರೆಗೂ ಕುಡುಗೋಲಲ್ಲೇ ಕತ್ತರಿಸ್ಲಿ, ಯಂತ್ರದ ಹತ್ರ ಹೋಗೋದು ಬೇಡ. ಯಾಕೆ ಅಂತ ಕೇಳಿದ್ರೆ, ತಪ್ಪು ಅಂಬರೀನ್‌ದು ಅಂತಲೇ ಹೇಳಿ.”