ನೀರಿನಡಿಯ ತವರು

ಅತ್ತೆಯ ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ನಗು ಬಂದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಚಿಕ್ಕವರಿದ್ದಾಗ ಹುಣಸೆಮರದಿಂದ ಬಿದ್ದದ್ದಂತೆ. ಆ ಮರ, ಆ ಊರು ಎರಡೂ ಲಕ್ಕವಳ್ಳಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿವೆ. “ನಮ್ಮೂರಿಂದ ನಾನು ತಂದ ಆಸ್ತಿ ಇದೇ ಕಣೇ” ಎಂದು ಹಲ್ಲು ತೋರಿಸುತ್ತಿದ್ದರು.

ಅವರನ್ನು ಕೊಟ್ಟದ್ದು ತರೀಕೆರೆ ಕಡೆಗೆ, ಅದೇ ಅಣೆಕಟ್ಟೆಯ ನಾಲೆಯಿಂದ ಗದ್ದೆ ಬೆಳೆಯುವ ಮನೆಗೆ.

“ನಿಮ್ಮೂರು ಮುಳುಗಿದ್ದಕ್ಕೇ ನಾವು ಅನ್ನ ಉಣ್ತಿರೋದು” ಎಂದು ಮಾವ ಕೆಣಕಿದರೆ, “ಅದ್ಕೇ ಬಡ್ಸೋಕೂ ನಾನೇ ಬಂದೀನಿ, ಉಣ್ಣಿ” ಎನ್ನುತ್ತಿದ್ದರು.

ನಾನು ಚೌಳಹಿರಿಯೂರಿನವಳು. ಬೋರು ಬತ್ತಿ ತೆಂಗಿನ ಗರಿ ಜೋತು ಬೀಳುವುದನ್ನು ನೋಡುತ್ತ ಬೆಳೆದವಳು. ಮದುವೆಯಾದ ವರ್ಷ ಅಣೆಕಟ್ಟೆ ತುಂಬಿತೆಂದು ಎಲ್ಲರೂ ಬಾಗಿನ ಬಿಡಲು ಹೋದೆವು. ಅಷ್ಟು ನೀರು ಕಂಡು ನನಗೆ ಅಳುವೇ ಬಂತು. ಅತ್ತೆ ನೀರಿಗೆ ಬೆನ್ನು ಮಾಡಿ ಕೂತಿದ್ದರು.

“ನೋಡಿ ಅತ್ತೆ, ಎಷ್ಟು ಚೆನ್ನಾಗಿದೆ!”

“ನಿಂಗೆ ನೀರು ಕಾಣ್ತದೆ. ನಂಗೆ ಅದರಡಿ ನಮ್ಮ ಹಿತ್ಲು ಕಾಣ್ತದೆ. ಇಬ್ರ ಕಣ್ಣೂ ನೆಟ್ಟಗೇ ಅವೆ ಬಿಡು.”

ನಾನು ತವರಿಗೆ ಹೊರಟರೆ ಎಂದೂ ತಡೆದವರಲ್ಲ. ಮರಳಿದಾಗ ಜಗುಲಿಯಲ್ಲಿ ಕೂರಿಸಿಕೊಂಡು, ಯಾರು ಮಾತಾಡಿಸಿದರು, ಯಾವ ಎಮ್ಮೆ ಕರು ಹಾಕಿತು, ಎಲ್ಲವನ್ನೂ ಕೇಳುತ್ತಿದ್ದರು. ಅವರ ಅಣ್ಣತಮ್ಮಂದಿರು ಊರು ಬಿಟ್ಟು ಅಲ್ಲಲ್ಲಿ ನೆಲೆಸಿ, ಒಬ್ಬೊಬ್ಬರಾಗಿ ತೀರಿಹೋಗಿದ್ದರು. ಹೋಗಿಬರಲು ಒಂದು ಬಾಗಿಲೂ ಉಳಿದಿರಲಿಲ್ಲ.

ಒಮ್ಮೆ ನಮ್ಮಣ್ಣ ಬಂದಿದ್ದಾಗ, “ನಮ್ಮೂರಲ್ಲಿ ಏನೈತಮ್ಮಾ, ಬರೀ ಧೂಳು” ಅಂದ.

“ಧೂಳಾದ್ರೂ ಕಾಲಿಗೆ ಹತ್ತುತ್ತಲ್ಲಪ್ಪಾ” ಎಂದರು ಅತ್ತೆ.

ನನ್ನ ಊರನ್ನು ಮರುಗದೆ ನೋಡುವುದನ್ನು ನಾನು ಕಲಿತದ್ದು ಆ ದಿನದಿಂದ.

ಹೋದ ಕಾರ್ತಿಕದಲ್ಲಿ ಅತ್ತೆ ತೀರಿಕೊಂಡರು. ಮುತ್ತೈದೆಯನ್ನು ತವರಿನ ಸೀರೆ ಹೊದಿಸಿಯೇ ಕಳಿಸುವುದು ನಮ್ಮಲ್ಲಿಯ ಪದ್ಧತಿ. ತರುವವರಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. “ಮನೇದೇ ಒಂದು ಹೊದ್ಸಿ, ಹೊತ್ತಾಯ್ತು” ಎಂದರು ಯಾರೋ. ಮಾವ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಅಣ್ಣ ಬಂದ. ನಾನು ಸಾವಿನ ಸುದ್ದಿ ತಿಳಿಸಿದ್ದೆನಷ್ಟೆ, ಸೀರೆಯ ಮಾತು ಎತ್ತಿರಲಿಲ್ಲ. ಅವನು ಚೀಲದಿಂದ ಹಸಿರು ಸೀರೆಯೊಂದನ್ನು ತೆಗೆದ.

ಹಿರಿಯರೊಬ್ಬರು, “ನೀನು ಏನಾಗ್ಬೇಕಪ್ಪಾ ಇವ್ರಿಗೆ?” ಎಂದರು.

“ತವರಿನೋನು. ಚೌಳಹಿರಿಯೂರು” ಅಂದ.

ಮಾವ ಎದ್ದು ಬಂದು ಸೀರೆಯ ಇನ್ನೊಂದು ತುದಿ ಹಿಡಿದರು.